ಹೊಣೆ ನಿಲ್ಲುವವನ ಹಾಸಿಗೆ

ಸಾಲ ಕೊಡುವುದು ಬೇರೆ, ಸಾಲಕ್ಕೆ ಹೊಣೆ ನಿಲ್ಲುವುದು ಬೇರೆ. ಸಾಲ ಕೊಟ್ಟವನಿಗೆ ತನ್ನ ಗಂಟು ಎಷ್ಟು ಹೋಯಿತೆಂಬುದು ಕೊಟ್ಟ ದಿನವೇ ಗೊತ್ತಿರುತ್ತದೆ. ಹೊಣೆ ನಿಂತವನಿಗೆ ಅದು ಗೊತ್ತಾಗುವುದು ನೋಟೀಸು ಬಂದ ದಿನ. ನಮ್ಮ ತಾಂಡೂರು, ಜಹೀರಾಬಾದ, ನಾರಾಯಣಖೇಡ ಭಾಗಗಳ ಕನ್ನಡ ಮನೆತನಗಳಿಗೆ ಈ ಎರಡನೆಯ ಬಗೆಯ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಂಜಿನ ಅಡತಿ ಅಂಗಡಿಯಲ್ಲಿ ತೊಗರಿಯ ಮೇಲೆ ಮುಂಗಡ ತೆಗೆಯುವ ರೈತ, ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಯಂತ್ರ ಕೊಳ್ಳಹೊರಟ ತರುಣ, ಮಗಳ ಮದುವೆಗೆಂದು ಚೀಟಿ ಎತ್ತಿದ ನೌಕರ, ಇವರೆಲ್ಲರಿಗೂ ಒಬ್ಬ ಜಾಮೀನುದಾರ ಬೇಕು. ಅವನು ಅಣ್ಣನೋ, ಷಡ್ಡಕನೋ, ಸೋದರಮಾವನೋ, ತಪ್ಪದೆ ಸಂಬಳ ಬರುವ ಶಾಲಾಮಾಸ್ತರನೋ ಆಗಿರುತ್ತಾನೆ. “ಬರೇ ಒಂದ್ ಸಹಿ ಮಾಮಾ, ನಿಮ್ದು ಒಂದ್ ಪೈಸಾ ಹೋಗಂಗಿಲ್ಲ” ಎಂಬ ಮಾತಿಗೆ ಇಲ್ಲವೆನ್ನುವ ಧೈರ್ಯ ನಮ್ಮಲ್ಲಿ ಬಹಳ ಜನರಿಗೆ ಇರುವುದಿಲ್ಲ. ಹಣದಲ್ಲಿ ಪಾಲಿಲ್ಲ, ಲಾಭದಲ್ಲಿ ಪಾಲಿಲ್ಲ, ಆದರೆ ನಷ್ಟ ಮಾತ್ರ ಪೂರ್ತಿಯಾಗಿ ತನ್ನದು. ಇಂಥ ವಿಚಿತ್ರ ವ್ಯವಹಾರಕ್ಕೆ ಮನುಷ್ಯನು ದಾಕ್ಷಿಣ್ಯವೊಂದರಿಂದಲೇ ಒಪ್ಪುತ್ತಾನೆ.

ಈ ವಿಷಯವನ್ನು ಈ ಸಲ ಕ್ರೈಸ್ತ ಧರ್ಮಗ್ರಂಥದ ಕಡೆಯಿಂದ ನೋಡಲು ಹೊರಟಿದ್ದೇವೆ. ಬೀದರ, ಜಹೀರಾಬಾದ, ವಿಕಾರಾಬಾದಗಳ ಮೆಥೊಡಿಸ್ಟ್ ಸಭೆಗಳ ಕುಟುಂಬಗಳು ನಮ್ಮ ನೆರೆಹೊರೆಯವರೇ ಆಗಿದ್ದರೂ, ಅವರ ಗ್ರಂಥದಲ್ಲಿ ಸಾಲ, ಒತ್ತೆ, ಹೊಣೆಗಾರಿಕೆಗಳ ಬಗೆಗೆ ಎಷ್ಟು ವಿವರವಾದ ವಿಚಾರವಿದೆಯೆಂಬುದು ಉಳಿದವರಿಗೆ ತಿಳಿದಿರುವುದು ಕಡಿಮೆ. ನಮ್ಮ ಧರ್ಮಶಾಸ್ತ್ರಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಇಲ್ಲಿಂದ ಬಹಳ ದೂರವಲ್ಲದ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯು ಹೊಣೆಗಾರರಲ್ಲಿ ಮೂರು ಬಗೆಯನ್ನು ಹೇಳುತ್ತದೆ: ಸಾಲಗಾರನನ್ನು ಹಾಜರುಪಡಿಸುವವನು, ಇವನು ನಂಬಿಗಸ್ಥನೆಂದು ಭರವಸೆ ಕೊಡುವವನು, ಇವನು ಕೊಡದಿದ್ದರೆ ನಾನು ಕೊಡುತ್ತೇನೆನ್ನುವವನು. ಮೊದಲಿಬ್ಬರು ಸತ್ತರೆ ಅವರ ಮಕ್ಕಳಿಗೆ ಸಾಲದ ಗೊಡವೆಯಿಲ್ಲ. ಮೂರನೆಯವನ ಮಕ್ಕಳು ಮಾತ್ರ ಕೊಡಲೇಬೇಕು. ಇಂದಿನ ಬ್ಯಾಂಕುಗಳೂ ಚೀಟಿ ಕಂಪನಿಗಳೂ ಕೇಳುವುದು ಈ ಮೂರನೆಯ ಬಗೆಯ ಹೊಣೆಯನ್ನೇ. ಸಹಿ ಹಾಕುವವನು ಮಾತ್ರ ತಾನು ಎರಡನೆಯವನೆಂದೇ ಭಾವಿಸಿಕೊಂಡಿರುತ್ತಾನೆ. “ಹುಡುಗ ಒಳ್ಳೆಯವನೆಂದು ಹೇಳಿದೆ, ಅಷ್ಟೆ” ಎಂದು ಆಮೇಲೆ ಗೋಳಿಡುವುದಕ್ಕೆ ಕಾರಣವಿದೇ.

ರೂಬೇನನ ಮಾತು, ಯೆಹೂದನ ಮಾತು

ಪೂರ್ಣ ಬೈಬಲ್ ಕನ್ನಡದಲ್ಲಿ ಮೊದಲು ಅಚ್ಚಾದುದು 1831ರಲ್ಲಿ, ಬಳ್ಳಾರಿಯಲ್ಲಿ, ಜಾನ್ ಹ್ಯಾಂಡ್ಸ್ ಎಂಬ ಮಿಶನರಿಯ ಪರಿಶ್ರಮದಿಂದ. ಅದರ ಮೊದಲ ಪುಸ್ತಕವಾದ ಆದಿಕಾಂಡದಲ್ಲಿಯೇ ಹೊಣೆಗಾರಿಕೆಯ ಒಂದು ಕಥೆ ಬರುತ್ತದೆ. ಬರಗಾಲ ಬಿದ್ದು ಯಾಕೋಬನ ಮಕ್ಕಳು ಧಾನ್ಯಕ್ಕಾಗಿ ಐಗುಪ್ತಕ್ಕೆ ಹೋಗುತ್ತಾರೆ. ಕಿರಿಯ ತಮ್ಮನಾದ ಬೆನ್ಯಾಮೀನನನ್ನು ಕರೆತರದೆ ಇನ್ನೊಮ್ಮೆ ನನ್ನೆದುರಿಗೆ ಬರಬೇಡಿರೆಂದು ಅಲ್ಲಿಯ ಅಧಿಕಾರಿಯು ಕಟ್ಟಪ್ಪಣೆ ಮಾಡುತ್ತಾನೆ. ಮುದುಕನಾದ ತಂದೆ ಮಗನನ್ನು ಬಿಡಲೊಲ್ಲ. ಆಗ ಹಿರಿಯ ಮಗ ರೂಬೇನನು ಮುಂದೆ ಬಂದು, ತಮ್ಮನನ್ನು ತಿರುಗಿ ತಂದೊಪ್ಪಿಸದಿದ್ದರೆ ನನ್ನ ಇಬ್ಬರು ಮಕ್ಕಳನ್ನು ಕೊಂದುಬಿಡು ಎನ್ನುತ್ತಾನೆ. ತಂದೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯ ಧಾನ್ಯ ಮುಗಿದ ಮೇಲೆ ಯೆಹೂದನೆಂಬ ಇನ್ನೊಬ್ಬ ಮಗನು ಅವನಿಗೆ ನಾನೇ ಹೊಣೆ, ನನ್ನ ಕೈಯಿಂದಲೇ ಅವನನ್ನು ಕೇಳಿಕೋ ಎನ್ನುತ್ತಾನೆ. ಈ ಮಾತಿಗೆ ತಂದೆ ಒಪ್ಪುತ್ತಾನೆ.

ಇಬ್ಬರ ಮಾತಿನಲ್ಲಿರುವ ಅಂತರವನ್ನು ಗಮನಿಸಬೇಕು. ರೂಬೇನನು ಒತ್ತೆಯಿಟ್ಟದ್ದು ತನ್ನನ್ನಲ್ಲ, ಏನೂ ಅರಿಯದ ಮಕ್ಕಳನ್ನು. ಯೆಹೂದನು ತನ್ನನ್ನೇ ಇಟ್ಟನು. ಮುಂದೆ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲು ಸಿಕ್ಕಿ ಅವನು ದಾಸನಾಗಿ ಉಳಿಯಬೇಕಾಗಿ ಬಂದಾಗ ಯೆಹೂದನು ಹಿಂಜರಿಯಲಿಲ್ಲ; ಹುಡುಗನ ಬದಲಿಗೆ ನನ್ನನ್ನು ಇಟ್ಟುಕೊಳ್ಳಿರೆಂದು ಬೇಡಿಕೊಂಡನು. ಕ್ರೈಸ್ತರು ತಮ್ಮ ಕ್ರಿಸ್ತನನ್ನು ಯೆಹೂದನ ಕುಲದವನೆಂದೇ ಹೇಳುತ್ತಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಅವನಿಗೆ ಒಡಂಬಡಿಕೆಯ ಹೊಣೆಗಾರನೆಂಬ ಹೆಸರೂ ಉಂಟು. ಆದುದರಿಂದ ಹೊಣೆ ನಿಲ್ಲುವುದೇ ಪಾಪವೆಂದು ಆ ಧರ್ಮವು ಹೇಳುತ್ತದೆಯೆಂದು ಭಾವಿಸುವಂತಿಲ್ಲ. ಯಾರನ್ನು, ಏನನ್ನು ಒತ್ತೆಯಿಟ್ಟು ಹೊಣೆ ನಿಲ್ಲುತ್ತೀಯೆ ಎಂಬುದೇ ಅದರ ಪ್ರಶ್ನೆ. ನಮ್ಮ ಕಾಲದ ಜಾಮೀನುದಾರರಲ್ಲಿ ಯೆಹೂದರು ಕಡಿಮೆ, ರೂಬೇನರೇ ಹೆಚ್ಚು ಎಂದರೆ ಓದುಗರು ಕೋಪಿಸಿಕೊಳ್ಳಬಾರದು. ಸಹಿ ಹಾಕುವಾಗ ಹೆಂಡತಿಯನ್ನು ಕೇಳಿದವರೆಷ್ಟು ಮಂದಿ? ಜಪ್ತಿ ಬರುವುದು ಮಾತ್ರ ಅವಳು ಸಾರಿಸಿದ ಮನೆಗೆ.

ಜ್ಞಾನೋಕ್ತಿಗಳು ಎಂಬ ಪುಸ್ತಕವು ಈ ವಿಷಯದಲ್ಲಿ ಯಾವ ಮುಲಾಜನ್ನೂ ಇಟ್ಟುಕೊಂಡಿಲ್ಲ. ಪರಿಚಯವಿಲ್ಲದವನಿಗೆ ಹೊಣೆಯಾಗುವವನು ಸಂಕಟಪಡುವನು, ಕೈಮೇಲೆ ಕೈ ಹಾಕಿ ಮಾತುಕೊಡುವವನು ಬುದ್ಧಿಗೇಡಿ ಎಂಬರ್ಥದ ಎಚ್ಚರಿಕೆಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಕೈ ತಟ್ಟಿ ಮಾತು ಮುಗಿಸುವುದು ಆ ನಾಡಿನ ರೂಢಿ. ನಮ್ಮ ಜಾತ್ರೆಗಳಲ್ಲಿ ದನದ ವ್ಯಾಪಾರಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ ಇದು ಹೊಸತಲ್ಲ. ತೀರಿಸಲು ನಿನ್ನ ಬಳಿ ಏನೂ ಇಲ್ಲದಿರುವಾಗ ನೀನು ಮಲಗುವ ಹಾಸಿಗೆಯನ್ನೇ ಸಾಲಿಗನು ಎಳೆದೊಯ್ಯುವಂತೆ ಏಕೆ ಮಾಡಿಕೊಳ್ಳುತ್ತೀಯೆ ಎಂದು ಆ ಪುಸ್ತಕವು ಕೇಳುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಾವು ಹೇಳುತ್ತೇವೆ. ಇಲ್ಲಿ ಕಾಲು ಚಾಚಿದವನು ಬೇರೊಬ್ಬ, ಹಾಸಿಗೆ ಕಳೆದುಕೊಂಡವನು ಇನ್ನೊಬ್ಬ.

ಕುತೂಹಲದ ಸಂಗತಿಯೆಂದರೆ, ಈ ಹಾಸಿಗೆಯ ವಿಚಾರ ನಮ್ಮ ದೇಶದ ಕಾನೂನಿನಲ್ಲಿಯೂ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಡಿಕ್ರಿಯಾದವನ ಮನೆಯಲ್ಲಿ ಉಡುವ ಅವಶ್ಯಕ ಬಟ್ಟೆ, ಅಡಿಗೆಯ ಪಾತ್ರೆ, ಮಂಚ ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿನಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಹತಾರ, ಒಕ್ಕಲಿಗನ ಬೇಸಾಯದ ಸಾಮಾನು, ಅವನಿಗೆ ಬೇಕಾದ ಎತ್ತು ಮತ್ತು ಬಿತ್ತನೆಯ ಬೀಜ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಇದನ್ನು ತಿಳಿಯದೆ, ವಸೂಲಿಗೆ ಬಂದವರು ಗದರಿಸಿದಾಗ ತಾವಾಗಿಯೇ ಪಾತ್ರೆಪಗಡಿ ಹೊತ್ತು ಕೊಟ್ಟ ಮನೆಗಳಿವೆ. ಸಂಬಳದಾರರಿಗೆ ಇನ್ನೊಂದು ಮಾತು: ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1000 ರೂಪಾಯಿಯನ್ನೂ ಉಳಿದುದರಲ್ಲಿ ಮೂರನೆಯ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಆದರೆ ಮಿಕ್ಕ ಪಾಲು ಹೋಗುವುದು ಖಂಡಿತ. ಚೀಟಿಗೆ ಜಾಮೀನು ನಿಂತು ತಿಂಗಳು ತಿಂಗಳು ಸಂಬಳ ಮುರಿಸಿಕೊಳ್ಳುವವರು ಇದನ್ನು ಚೆನ್ನಾಗಿ ಬಲ್ಲರು.

ಹೊಸ್ತಿಲಿನ ಹೊರಗೆ ನಿಂತ ಸಾಲಿಗ

ಮೋಶೆಯ ಧರ್ಮಶಾಸ್ತ್ರದಲ್ಲಿ ಸಾಲ ಕೊಡುವವನಿಗೆ ಹಾಕಿದ ಕಟ್ಟುಗಳು ನಮಗೆ ಇನ್ನೂ ಹೆಚ್ಚು ಮೆಚ್ಚಿಕೆಯಾದವು. ಬಡವನ ಹೊದಿಕೆಯನ್ನು ಒತ್ತೆ ತೆಗೆದುಕೊಂಡರೆ ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡಬೇಕು. ರಾತ್ರಿ ಅವನು ಏನನ್ನು ಹೊದೆಯಬೇಕು? ಬೀಸುವ ಕಲ್ಲನ್ನು, ಅದರ ಮೇಲಿನ ಕಲ್ಲೊಂದನ್ನು ಸಹ, ಒತ್ತೆಯಾಗಿ ತೆಗೆದುಕೊಳ್ಳಬಾರದು. ಹಾಗೆ ಮಾಡುವುದು ಜೀವವನ್ನೇ ಒತ್ತೆ ತೆಗೆದುಕೊಂಡಂತೆ. ವಿಧವೆಯ ಬಟ್ಟೆಯನ್ನು ಮುಟ್ಟಲೇಬಾರದು. ಒತ್ತೆಯ ವಸ್ತುವನ್ನು ತರಲು ಸಾಲಗಾರನ ಮನೆಯೊಳಕ್ಕೆ ನುಗ್ಗಬಾರದು, ಹೊರಗೆ ನಿಂತಿರಬೇಕು, ಅವನೇ ತಂದುಕೊಡಬೇಕು ಎಂಬುದಂತೂ ಬಹಳ ಸೂಕ್ಷ್ಮವಾದ ವಿಧಿ. ಸಾಲಗಾರನಿಗೂ ಹೆಂಡತಿ ಮಕ್ಕಳೆದುರಿಗೆ ಒಂದು ಮಾನವಿದೆ. ಅವನ ಹೊಸ್ತಿಲಿಗೆ ಬೆಲೆಯಿದೆ. ಕಿರುಸಾಲದ ಕಂಪನಿಗಳ ವಸೂಲಿಯವರು ಮನೆಯೊಳಗೆ ಬಂದು ಕೂಡುವ, ನೆರೆಯವರೆದುರಿಗೆ ಬಯ್ಯುವ ಹಾವಳಿ ತಡೆಯಲಾಗದೆ ಅವಿಭಜಿತ ಆಂಧ್ರಪ್ರದೇಶವು 2010ರಲ್ಲಿಯೂ ಕರ್ನಾಟಕವು 2025ರಲ್ಲಿಯೂ ಕಾನೂನು ತರಬೇಕಾಯಿತು. ಮೂರು ಸಾವಿರ ವರ್ಷಗಳಷ್ಟು ಹಳೆಯ ಮಾತನ್ನು ಮತ್ತೆ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದಂತಾಯಿತು.

ಬಡ್ಡಿಗೆ ಹೀಬ್ರೂ ಭಾಷೆಯಲ್ಲಿರುವ ಒಂದು ಪದದ ಧಾತ್ವರ್ಥ ಕಚ್ಚುವುದು ಎಂದು. ಹಾವು ಕಚ್ಚಿದಾಗ ಗಾಯ ಚಿಕ್ಕದು, ಏರುವುದು ಆಮೇಲೆ. ನೆಹೆಮೀಯನ ಪುಸ್ತಕದಲ್ಲಿ ಇದರ ಚಿತ್ರವಿದೆ. ಬರಗಾಲದಲ್ಲಿ ಕಾಳಿಗಾಗಿ, ಅರಸನ ಕಂದಾಯಕ್ಕಾಗಿ ಜನರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟು, ಕಡೆಗೆ ಮಕ್ಕಳನ್ನೇ ಜೀತಕ್ಕೆ ಬಿಟ್ಟು, ಯೆರೂಸಲೇಮಿನಲ್ಲಿ ಮೊರೆಯಿಟ್ಟರು. ಅಧಿಪತಿಯಾದ ನೆಹೆಮೀಯನು ಸಾಹುಕಾರರನ್ನು ಕರೆಸಿ, ಹೊಲಮನೆಗಳನ್ನೂ ನೂರಕ್ಕೊಂದರ ಬಡ್ಡಿಯನ್ನೂ ಈ ದಿನವೇ ಹಿಂದಕ್ಕೆ ಕೊಡಿರೆಂದನು. ನಾನೂ ನನ್ನ ಬಂಧುಗಳೂ ಸಾಲ ಕೊಟ್ಟವರೇ, ನಾವೂ ಬಿಡೋಣ ಎಂದು ತನ್ನನ್ನೂ ಸೇರಿಸಿಕೊಂಡು ಹೇಳಿದ್ದರಿಂದ ಅವನ ಮಾತಿಗೆ ತೂಕ ಬಂದಿತು. ಆ ನೂರಕ್ಕೊಂದು ತಿಂಗಳ ಲೆಕ್ಕವೆಂದು ಪಂಡಿತರಲ್ಲಿ ಅನೇಕರ ಮತ. ನಮ್ಮ ಕಡೆಯೂ ಬಡ್ಡಿಯನ್ನು ಹೀಗೆಯೇ ಹೇಳುವುದು ವಾಡಿಕೆ. “ನೂರಕ್ಕೆ ಮೂರು” ಎಂದಾಗ ಅದು ವರ್ಷಕ್ಕೆ ಮೂವತ್ತಾರು ಎಂದು ಎಷ್ಟೋ ಜನ ಲೆಕ್ಕ ಹಾಕಿಯೇ ನೋಡುವುದಿಲ್ಲ. ನೆಹೆಮೀಯನು ಗುಡುಗಿದ್ದು ಹನ್ನೆರಡಕ್ಕೆ.

ಮಕ್ಕಳನ್ನು ಜೀತಕ್ಕೆ ಬಿಡುವುದು ದೂರದ ಕಥೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಸಾಲಿಗನು ತನ್ನ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದಿದ್ದಾನೆಂದು ಪ್ರವಾದಿ ಎಲೀಷನ ಮುಂದೆ ಅತ್ತ ವಿಧವೆಯ ಕಥೆ ಬೈಬಲಿನಲ್ಲಿದೆ; ನಿಜಾಮರ ಸಂಸ್ಥಾನದಲ್ಲಿ ಅದೇ ಪದ್ಧತಿಗೆ ಭಾಗೇಲಾ ಎಂದು ಹೆಸರು. ಭಾಗೇಲಾ ಮತ್ತು ಜೀತ ಎಂಬ ಎರಡು ಹೆಸರುಗಳನ್ನೂ 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಹೆಸರಿಸಿಯೇ ರದ್ದು ಮಾಡಿತು. ಅದೇ ಕಾಯಿದೆಯು ಸಾಲಗಾರನ ಬದಲಿಗೆ ಅವನ ಜಾಮೀನುದಾರನು ದುಡಿದು ತೀರಿಸಬೇಕೆಂಬ ಕರಾರನ್ನು ಸಹ ಜೀತವೆಂದೇ ಎಣಿಸುತ್ತದೆ. ಹೊಣೆ ನಿಂತವನು ಮೈ ಕೊಟ್ಟು ತೀರಿಸಿದ ಉದಾಹರಣೆಗಳಿದ್ದುದರಿಂದಲೇ ಹಾಗೆ ಬರೆಯಬೇಕಾಯಿತೆಂಬುದು ಸ್ಪಷ್ಟ.

ಈಗ ಒಂದು ತೊಡಕು. ಹಳೆಯ ಒಡಂಬಡಿಕೆಯು ಹೀಗೆ ಎಚ್ಚರಿಸಿದರೆ, ಹೊಸ ಒಡಂಬಡಿಕೆಯಲ್ಲಿ ಯೇಸುವು ತಿರುಗಿ ಬಂದೀತೆಂಬ ಆಸೆಯಿಲ್ಲದೆ ಸಾಲ ಕೊಡಿರೆಂದು ಬೋಧಿಸುತ್ತಾನೆ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನು ಛತ್ರದವನಿಗೆ ಎರಡು ಹಣ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎನ್ನುತ್ತಾನೆ. ಇದು ಹೊಣೆಯಲ್ಲದೆ ಮತ್ತೇನು? ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ, ಓಡಿಹೋಗಿದ್ದ ದಾಸ ಒನೇಸಿಮನ ಬಾಕಿಯೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುವೆನೆಂದು ಸ್ವಂತ ಕೈಯಿಂದ ಬರೆದಿದ್ದಾನೆ. ಹಾಗಾದರೆ ಯಾವುದನ್ನು ನಂಬಬೇಕು?

ನಮ್ಮ ತಿಳುವಳಿಕೆಯಲ್ಲಿ ಇವೆರಡಕ್ಕೂ ವಿರೋಧವಿಲ್ಲ. ಸಮಾರ್ಯದವನು ಮೊದಲು ಕೈಯಲ್ಲಿದ್ದುದನ್ನು ಕೊಟ್ಟನು. ಆಮೇಲೆ ಹೇಳಿದ ಮಾತು ಕೆಲವು ದಿನಗಳ ಊಟ ಔಷಧಿಗೆ ಸಂಬಂಧಿಸಿದ್ದು, ಅವನ ಅಳವಿನೊಳಗಿನದು. ಪೌಲನು ಒನೇಸಿಮನನ್ನು ಮಗನಂತೆ ಬಲ್ಲವನು, ಅವನಿಗೆ ಒತ್ತೆ ಹೋಗಬೇಕಾದ ಹೆಂಡತಿ ಮಕ್ಕಳಿರಲಿಲ್ಲ. ಇಬ್ಬರೂ ಕೊಟ್ಟದ್ದು ತಮ್ಮದನ್ನು, ಕೊಟ್ಟೇ ಹೋಯಿತೆಂದು ಮನಸ್ಸಿನಲ್ಲಿ ಬರೆದುಕೊಂಡು. ಜ್ಞಾನೋಕ್ತಿಯು ಬಯ್ಯುವುದು ತನ್ನಲ್ಲಿ ಇಲ್ಲದುದನ್ನು, ಎಂದೂ ಕೊಡಬೇಕಾಗದೆಂಬ ನಂಬಿಕೆಯ ಮೇಲೆ, ಒಪ್ಪಿಕೊಳ್ಳುವವನನ್ನು. ಭಾವಮೈದುನನು ಐದು ಲಕ್ಷದ ಸಾಲಕ್ಕೆ ಸಹಿ ಕೇಳಿದಾಗ, “ಸಹಿ ಬೇಡಪ್ಪಾ, ನನ್ನ ಕೈಲಾದ ಇಪ್ಪತ್ತು ಸಾವಿರ ಇದೆ, ಒಯ್ಯಿ, ಆದಾಗ ಕೊಡು, ಆಗದಿದ್ದರೆ ಬಿಡು” ಎನ್ನುವುದು ಜಿಪುಣತನವಲ್ಲ. ಹೀಗೆಂದವನ ಮೇಲೆ ನಾಲ್ಕು ದಿನ ಮುನಿಸು ಇದ್ದೀತು. ಸಹಿ ಹಾಕಿ ಕೆಟ್ಟವರ ನಡುವಿನ ಮುನಿಸಾದರೋ ಮುಂದಿನ ತಲೆಮಾರಿನ ಮದುವೆ ಮುಂಜಿಗಳ ತನಕ ನಡೆಯುತ್ತದೆ. ಸೇಡಂ, ಚಿಂಚೋಳಿಗಳ ಬೀಗರು ಗಡಿ ದಾಟಿ ಬರುವುದನ್ನೇ ಬಿಟ್ಟುಬಿಡುತ್ತಾರೆ.

ಒಬ್ಬನ ಹೊಣೆ, ಊರಿನ ಹೊಣೆ

ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯು 1746ರಲ್ಲಿ ಲಂಡನ್ನಿನ ಉಳ್ಳವರ ಮನೆಗಳಿಗೆ ತಿರುಗಿ ಹಣ ಕೂಡಿಸಿ ಬಡವರಿಗೆ ಕೈಗಡ ಕೊಡುವ ನಿಧಿಯೊಂದನ್ನು ಮಾಡಿದನು. 20 ಶಿಲಿಂಗ್‌ವರೆಗೆ ಸಾಲ, ಮೂರು ತಿಂಗಳೊಳಗೆ ಮರುಪಾವತಿ. ಮುಂದೆ ಆ ಮಿತಿ ಏರಿತು. ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಮ್ಮಾರನು 1775ರ ಸುಮಾರಿಗೆ ಅದರಿಂದ 5 ಪೌಂಡು ಸಾಲ ಪಡೆದು ಹಳೆಯ ಪುಸ್ತಕಗಳ ಅಂಗಡಿ ಬೆಳೆಸಿ, ಲಂಡನ್ನಿನ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದನು.

ಜರ್ಮನಿಯ ರೈಫೈಸೆನ್ (1818–1888) ಎಂಬ ಗ್ರಾಮಾಧಿಕಾರಿಯ ಪ್ರಯೋಗ ಇದಕ್ಕಿಂತ ದೊಡ್ಡದು, ನಮಗೆ ಹೆಚ್ಚು ಹತ್ತಿರದ್ದು. ದೈವಭಕ್ತನಾದ ಈತನು 1846–47ರ ಕ್ಷಾಮದಲ್ಲಿ ಶ್ರೀಮಂತರಿಂದ ಹಣ ಪಡೆದು ಬಡವರಿಗೆ ರೊಟ್ಟಿ ಒದಗಿಸಿದನು. ಬರಿಯ ದಾನದಿಂದ ಕೆಲಸ ನಿಲ್ಲದೆಂದು ಕಂಡುಕೊಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರೈತರದೇ ಸಾಲದ ಸಂಘ ಕಟ್ಟಿದನು. ಒಂದು ಸಣ್ಣ ಪ್ರದೇಶದ, ಒಬ್ಬರನ್ನೊಬ್ಬರು ಬಲ್ಲ ಜನರು ಮಾತ್ರ ಸದಸ್ಯರು. ಎಲ್ಲರ ಸಾಲಕ್ಕೂ ಎಲ್ಲರೂ ಮಿತಿಯಿಲ್ಲದ ಹೊಣೆಗಾರರು. ಪರಿಚಯವಿಲ್ಲದವನಿಗೆ ಹೊಣೆಯಾಗಬೇಡವೆಂಬ ಜ್ಞಾನೋಕ್ತಿಯನ್ನು ಇದು ಮೀರುವುದಿಲ್ಲ. ಹಣ ಎಮ್ಮೆಗೆ ಹೋಯಿತೋ ಹೆಂಡಕ್ಕೆ ಹೋಯಿತೋ ಎಂಬುದು ಹತ್ತು ಜನರ ಕಣ್ಣಿಗೆ ಬೀಳುತ್ತಿತ್ತು. ಮದ್ರಾಸ್ ಸರಕಾರಕ್ಕಾಗಿ ಫ್ರೆಡರಿಕ್ ನಿಕೋಲ್ಸನ್ ಈ ಸಂಘಗಳನ್ನು ಅಭ್ಯಸಿಸಿ ವರದಿ ಬರೆದನು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕನ್ನಡ ನಾಡಿನ ಮೊದಲ ಕೃಷಿ ಸಾಲ ಸಂಘವನ್ನು ತೆರೆದರು. ಇಂದಿನ ಮಹಿಳಾ ಸ್ವಸಹಾಯ ಗುಂಪುಗಳ ಬೇರು ಇಲ್ಲಿಯೇ ಇದೆ. ಸದಸ್ಯೆಯರನ್ನು ಹೊರಗಿನ ಏಜೆಂಟನು ತನ್ನ ಅನುಕೂಲಕ್ಕೆ ಕೂಡಿಸಿದ ಗುಂಪಿಗೆ ಮಾತ್ರ ಆ ಹೆಸರು ಸಲ್ಲದು. ಅಲ್ಲಿ ಒಬ್ಬಳು ತಪ್ಪಿದರೆ ಉಳಿದವರು ಅವಳ ಕಂತು ತುಂಬುವುದು ಸ್ನೇಹದಿಂದಲ್ಲ, ಭಯದಿಂದ.

ಅಂದ ಹಾಗೆ, ಹೊಣೆಯೆಂಬ ಮಾತು ತಾಂಡೂರಿನ ರೈಲಿನ ಹೆಸರಿನಲ್ಲಿಯೇ ಇತ್ತು. 1874ರಲ್ಲಿ ತೆರೆದ ವಾಡಿ-ಸಿಕಂದರಾಬಾದ ಮಾರ್ಗವನ್ನು 1883ರಲ್ಲಿ ಸ್ಥಾಪಿತವಾದ ಕಂಪನಿ ವಹಿಸಿಕೊಂಡಾಗ ಅದರ ಹೆಸರು ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂದಾಯಿತು. ಹಣ ಹಾಕಿದವರಿಗೆ ಸರಕಾರವೇ ಹೊಣೆ. ಬೊಕ್ಕಸವುಳ್ಳವನು ಗ್ಯಾರಂಟಿ ಕೊಟ್ಟರೆ ಚೆಂದ.

ನಮ್ಮಂಥವರು ಸಹಿ ಹಾಕುವ ಮುನ್ನ ಕಾನೂನನ್ನು ಸ್ವಲ್ಪ ತಿಳಿದಿರಬೇಕು. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಬಳಿ ಬನ್ನಿರಿ ಎನ್ನುವ ವಾದ ನಡೆಯದೆಂದು 1969ರಲ್ಲಿ ವರದಿಯಾದ ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಸಾಲಗಾರನು ಕಂತು ತಪ್ಪಿಸಿದರೆ ಜಾಮೀನುದಾರನ ಸಾಲದ ದಾಖಲೆಗೂ ಕಲೆ ಬೀಳುತ್ತದೆ. ನಾಳೆ ಮಗನ ಓದಿಗೆ ಸಾಲ ಕೇಳಲು ಹೋದಾಗ ಅದು ಎದುರಾಗುತ್ತದೆ. ಕೃಷಿ ಸಾಲದಲ್ಲಿಯಂತೂ 2025ರ ಜನವರಿಯಿಂದ 2 ಲಕ್ಷ ರೂಪಾಯಿಯವರೆಗೆ ಅಡಮಾನವಿಲ್ಲದೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅಷ್ಟರೊಳಗಿನ ಬೆಳೆಸಾಲಕ್ಕಾಗಿ ಬಂಧುವಿನ ಹೊಲದ ಕಾಗದಪತ್ರ ಕೇಳಿದರೆ ಏಕೆಂದು ವಿಚಾರಿಸಬೇಕು.

ಗಡಿಯ ಕನ್ನಡಿಗರಿಗೆ ಇನ್ನೊಂದು ತೊಂದರೆ ವಿಶೇಷವಾಗಿದೆ. 1956ರವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕು. ನಾರಾಯಣಖೇಡವೂ ಜಹೀರಾಬಾದದ ಬಹುಭಾಗವೂ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಕಚೇರಿಯ ಕಾಗದಗಳೆಲ್ಲ ತೆಲುಗು, ಇಂಗ್ಲೀಷು. ಮನೆಯ ಹಿರಿಯನಿಗೆ ಬರುವುದು ಕನ್ನಡದ ಅಕ್ಷರ, ಸ್ವಲ್ಪ ಉರ್ದು. ಮೊಮ್ಮಗನಿಗೆ ತೆಲುಗು ಓದಲು ಬಂದರೂ ಕರಾರಿನ ಭಾಷೆ ತಿಳಿಯದು. ಓದಲಾಗದ ಕಾಗದಕ್ಕೆ ಹಾಕಿದ ಸಹಿಯೂ ಸಹಿಯೇ. 2024ರ ಅಕ್ಟೋಬರದಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ ಬಡ್ಡಿ, ಖರ್ಚು, ಕಂತುಗಳ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಈ ನಿಯಮ ಸಾಲಗಾರನಿಗೆ ಸಂಬಂಧಿಸಿದ್ದು. ಹೊಣೆ ನಿಲ್ಲುವವನು ಆ ಪತ್ರವನ್ನು ಅವನ ಕೈಯಿಂದ ಪಡೆದು ಓದಿಸಿ ಕೇಳಬೇಕು, ತಾನು ಸಹಿ ಹಾಕುವ ಪತ್ರದ ನಕಲನ್ನೂ ಇಟ್ಟುಕೊಳ್ಳಬೇಕು. ಮೊತ್ತ ಬರೆಯದ ಖಾಲಿ ನೋಟಿಗೆ ಹೆಬ್ಬೆಟ್ಟು ಒತ್ತುವುದನ್ನಂತೂ ಅಣ್ಣತಮ್ಮಂದಿರಿಗಾಗಿಯೂ ಮಾಡಬಾರದು.

ಈಗಾಗಲೇ ಸಹಿ ಹಾಕಿಬಿಟ್ಟವರು ಏನು ಮಾಡಬೇಕು? ಜ್ಞಾನೋಕ್ತಿಗಳು ಇವರಿಗೂ ಒಂದು ದಾರಿ ಹೇಳುತ್ತದೆ: ಮಾನ ಅಭಿಮಾನ ಬದಿಗಿಟ್ಟು ಕೂಡಲೇ ಹೋಗಿ ಗೋಗರೆದು ಬಿಡಿಸಿಕೋ, ಕಣ್ಣಿಗೆ ನಿದ್ದೆ ಕೊಡಬೇಡ, ಬೇಡನ ಕೈಯಿಂದ ಜಿಂಕೆಯೂ ಬಲೆಯಿಂದ ಹಕ್ಕಿಯೂ ತಪ್ಪಿಸಿಕೊಳ್ಳುವಂತೆ ಪಾರಾಗು ಎಂಬುದು ಅದರ ತಾತ್ಪರ್ಯ. ನಮ್ಮ ಕಾನೂನು ಸಹ ಎಚ್ಚರವಿದ್ದವನಿಗೆ ಕೆಲವು ಬಾಗಿಲುಗಳನ್ನು ಬಿಟ್ಟಿದೆ. ವ್ಯಾಪಾರಿಯ ಓಡುಖಾತೆಯಂಥ ನಿರಂತರ ವ್ಯವಹಾರಕ್ಕೆ ಕೊಟ್ಟ ಜಾಮೀನನ್ನು, ಮುಂದಿನ ಸಾಲಗಳ ಮಟ್ಟಿಗೆ, ನೋಟೀಸು ಕೊಟ್ಟು ಹಿಂತೆಗೆದುಕೊಳ್ಳಬಹುದು. ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲದ ಕರಾರನ್ನು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಗಳಿಗೆ ಅವನ ಹೊಣೆ ಕಳೆಯುತ್ತದೆ. ಜಾಮೀನುದಾರರು ಇಬ್ಬರು ಮೂವರಿದ್ದು ಒಬ್ಬನೇ ತುಂಬಿದ್ದರೆ ಉಳಿದವರಿಂದ ಸಮಪಾಲು ಕೇಳುವ ಹಕ್ಕಿದೆ. ಪೂರ್ತಿ ತುಂಬಿದವನು ಸಾಲಿಗನ ಸ್ಥಾನಕ್ಕೆ ಬರುತ್ತಾನೆ. ಸಾಲಗಾರನು ಇಟ್ಟ ಒತ್ತೆಯ ಲಾಭವೂ ಅವನಿಗೇ. ಇಂಥ ಹಕ್ಕುಗಳಿಗೆಲ್ಲ ಕಾಲಮಿತಿಯುಂಟಾದ್ದರಿಂದ ನೋಟೀಸನ್ನು ಹಲಗೆಯ ಮೇಲಿಟ್ಟು ಮರೆಯಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಆದಾಯ ಎಷ್ಟಿದ್ದರೂ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಗಂಡನ ಸಹಿಯಿಂದ ಮನೆಗೆ ನೋಟೀಸು ಬಂದ ಗೃಹಿಣಿಯು ನ್ಯಾಯಾಲಯದ ಆವರಣದಲ್ಲಿರುವ ಆ ಸಮಿತಿಗೆ ಕಾಗದಗಳನ್ನು ಹಿಡಿದುಕೊಂಡು ತಾನೇ ಹೋಗಿ ಅರ್ಜಿ ಕೊಡಬಹುದು.